ಮಳೆ ಬಂದಾಗ ಮಾತ್ರ ಮಿಸ್ಸಿಂಗ್: ಹನುಮಂತನಗರದ ಒಂದು ಹಳೆ ಮಾರುತಿ 800ರ ಪ್ರಕರಣ

ಗಾಡಿ 1997ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಮಾಡೆಲ್. 796 ಸಿಸಿ, ಮೂರು ಸಿಲಿಂಡರ್. ಬ್ಯಾಟರಿ ಕರೆಂಟಿನ ವೋಲ್ಟೇಜ್ ಏರಿಸುವ ಕಾಯಿಲ್ ಒಂದೇ, ಅಲ್ಲಿಂದ ಬರುವ ಕರೆಂಟನ್ನು ಕಿಡಿ ಹಾರಿಸುವ ಮೂರು ಪ್ಲಗ್‌ಗಳಿಗೆ ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್. ನೋಂದಣಿ ಕೆಎ-05. ಮಾಲೀಕರು ಹನುಮಂತನಗರದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಗಾಡಿ ಮೊದಲಿನಿಂದಲೂ ಅವರ ಕೈಯಲ್ಲೇ ಇದೆ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಿಕೊಂಡು ಬಂದಿದ್ದಾರೆ, ಸರ್ವಿಸ್ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಕಟ್ಟಿಟ್ಟಿದ್ದಾರೆ. ಆ ಫೈಲು ಮುಂದೆ ನಮಗೆ ಬಹಳ ಕೆಲಸಕ್ಕೆ ಬಂತು.

ದೂರು ಇಷ್ಟು: ಒಣ ದಿನಗಳಲ್ಲಿ ಗಾಡಿಗೆ ಏನೂ ತೊಂದರೆಯಿಲ್ಲ. ರಾತ್ರಿ ಮಳೆ ಸುರಿದು ಬೆಳಿಗ್ಗೆ ಹೊರಟರೆ ಐಡ್ಲಿಂಗ್‌ನಲ್ಲೇ ನಡುಕ, ಆಕ್ಸಿಲರೇಟರ್ ಒತ್ತಿದರೆ ಜರ್ಕ್. ಎಂಜಿನ್ ಹೀಗೆ ತಪ್ಪಿ ತಪ್ಪಿ ಓಡುವುದಕ್ಕೇ ಮಿಸ್ಸಿಂಗ್ ಎನ್ನುವುದು. ಕೆಂಪಾಂಬುಧಿ ಕೆರೆ ಕಡೆಯಿಂದ ಗವಿಪುರ ಹತ್ತಿ ಮನೆಗೆ ಬರುವ ಏರಿನಲ್ಲಿ ಮೂರನೇ ಗೇರು ಎಳೆಯುವುದೇ ಇಲ್ಲ, ಎರಡಕ್ಕೆ ಇಳಿಸಿದರೂ ಮುಕ್ಕರಿಯುತ್ತದೆ. ಸ್ವಲ್ಪ ದೂರ ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆ ತಿಂಗಳಿಡೀ ಮೇಷ್ಟ್ರು ಗಾಡಿಯನ್ನು ಹೊರಗೆ ತೆಗೆಯಲು ಹಿಂಜರಿಯುತ್ತಿದ್ದರು. ಅವರ ಶ್ರೀಮತಿಯವರಿಗೆ ವಾರಕ್ಕೊಮ್ಮೆ ಫಿಸಿಯೋಥೆರಪಿಗೆ ಹೋಗಬೇಕು, ಮಳೆಯಲ್ಲಿ ಆಟೋ ಸಿಗುವುದಿಲ್ಲ. ಹಾಗಾಗಿ ಇದು ಹಳೆ ಗಾಡಿಯ ಶೋಕಿಯ ಪ್ರಶ್ನೆ ಆಗಿರಲಿಲ್ಲ.

ನನ್ನ ಹತ್ತಿರ ಬರುವ ಮೊದಲು ಏನೇನಾಗಿತ್ತು ಎಂದು ಫೈಲು ನೋಡಿದೆ. ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದ್ದರು. ಅದರಿಂದ ಏನೂ ಆಗಲಿಲ್ಲ. ಇನ್ನೊಂದು ಕಡೆ ಮೂರೂ ಪ್ಲಗ್ ಬದಲಿಸಿ, ಮಲ್ಟಿಮೀಟರ್ ಹಿಡಿದು ಪ್ಲಗ್ ವೈರ್ ಅಳೆದು 'ವೈರ್ ಸರಿಯಾಗಿದೆ' ಎಂದು ಹೇಳಿ ಕಳಿಸಿದ್ದರು. ಪ್ಲಗ್ ಹಾಕಿದ ಮೇಲೆ ಕೆಲವು ದಿನ ಗಾಡಿ ಚೆನ್ನಾಗಿ ಓಡಿತು, ಮುಂದಿನ ದೊಡ್ಡ ಮಳೆಗೆ ಮತ್ತೆ ಅದೇ ಹಾಡು. ಮೂರನೆಯವರು ಪೆಟ್ರೋಲಿನ ಮೇಲೆ ಹಾಕಿದರು: ಎಲ್ಲ ಇ20 (ಎಥೆನಾಲ್ ಬೆರೆಸಿದ ಪೆಟ್ರೋಲ್) ಮಹಿಮೆ, ಹಳೆ ಗಾಡಿ ಮಾರಿಬಿಡಿ ಎಂದರು.

ಹೊಗೆ ತಪಾಸಣೆಯ ಚೀಟಿ ಹೇಳಿದ್ದು

ಇ20 ವಿಷಯವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಅದನ್ನು ಬಿಡುಗಡೆ ಮಾಡಿದರು. ಇಪ್ಪತ್ತು ಪರ್ಸೆಂಟ್ ಎಥೆನಾಲ್ ಇರುವ ಪೆಟ್ರೋಲಿಗೆಂದು 1997ರ ಗಾಡಿಯ ರಬ್ಬರ್ ಹೋಸು, ಗ್ಯಾಸ್ಕೆಟ್ಟುಗಳನ್ನು ಮಾಡಿಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ ಎಂಬುದೂ ನಿಜ. ಆದರೆ ಟ್ಯಾಂಕಿನಲ್ಲಿ ನೀರು ಸೇರಿದ್ದರೆ ತೊಂದರೆ ಮೂರೂ ಸಿಲಿಂಡರಿಗೆ ಒಟ್ಟಿಗೆ ಬರಬೇಕು. ಬಿಸಿಲಿದ್ದ ದಿನವೂ ಬರಬೇಕು. ಎಂಜಿನ್ ಕಾದ ಕೂಡಲೇ ಟ್ಯಾಂಕಿನ ನೀರು ಎಲ್ಲಿಗೂ ಹೋಗುವುದಿಲ್ಲ. ಇಲ್ಲಿನ ಲಕ್ಷಣ ಅದಲ್ಲ. ಬಾನೆಟ್ ಕೆಳಗಿನ ತೇವ ಆರಿದಾಗ ಗಾಡಿ ಸರಿಹೋಗುತ್ತಿತ್ತು. ಇದನ್ನು ಯೋಚಿಸದೆ ಈಗ ಪ್ರತಿ ಕೆಮ್ಮಿಗೂ ಪೆಟ್ರೋಲನ್ನೇ ದೂರುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಅದರಿಂದ ಎಷ್ಟೋ ಒಳ್ಳೆಯ ಗಾಡಿಗಳು ಗುಜರಿಗೆ ಹೋಗುತ್ತಿವೆ ಎಂಬುದು ನನ್ನ ನೋವು.

ಇನ್ನೂ ಗಟ್ಟಿಯಾದ ಸುಳಿವು ಫೈಲಿನಲ್ಲಿ ಮಡಚಿಟ್ಟಿದ್ದ ಒಂದು ಚೀಟಿಯಲ್ಲಿತ್ತು. ಮಳೆಯ ಮರುದಿನ ಪೆಟ್ರೋಲ್ ಬಂಕಿನಲ್ಲಿ ಮಾಡಿಸಿದ ಹೊಗೆ ತಪಾಸಣೆಯಲ್ಲಿ ಗಾಡಿ ಫೇಲಾಗಿತ್ತು. ಭಾರತ್ ಸ್ಟೇಜ್ 2 ಎಂಬ ಹೊಗೆ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಮಿತಿ ಎಂದರೆ ಕಾರ್ಬನ್ ಮಾನಾಕ್ಸೈಡ್ 3 ಪರ್ಸೆಂಟ್, ಹೈಡ್ರೋಕಾರ್ಬನ್ 1500 ಪಿಪಿಎಂ. ಮೇಷ್ಟ್ರ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿಯೊಳಗೆ ಆರಾಮಾಗಿತ್ತು. ಹೈಡ್ರೋಕಾರ್ಬನ್ ಮಾತ್ರ 2000ವನ್ನೂ ದಾಟಿತ್ತು.

ಈ ಎರಡು ಅಂಕಿಗಳನ್ನು ಜೊತೆಯಾಗಿ ಓದಬೇಕು. ಕಾರ್ಬೊರೇಟರ್ ಹೆಚ್ಚು ಪೆಟ್ರೋಲ್ ಬಿಡುತ್ತಿದ್ದರೆ ಅದು ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಹೈಡ್ರೋಕಾರ್ಬನ್ ಎಂದರೆ ಸ್ವಲ್ಪವೂ ಉರಿಯದೆ ಸೈಲೆನ್ಸರಿನಿಂದ ಹಾಗೇ ಹೊರಬಂದ ಪೆಟ್ರೋಲ್. ಒಂದು ಸಹಜವಾಗಿದ್ದು ಇನ್ನೊಂದು ಹಾರಿದೆ ಎಂದರೆ ಯಾವುದೋ ಸಿಲಿಂಡರಿನಲ್ಲಿ ಬೆಂಕಿಯೇ ಹತ್ತುತ್ತಿಲ್ಲ. ಗಾಳಿ ತೀರ ಹೆಚ್ಚಾದರೂ ಹೀಗೇ ಆಗಬಹುದು, ಆದರೆ ಅಂಥ ದೋಷ ಮಳೆ ನೋಡಿಕೊಂಡು ಬರುವುದಿಲ್ಲ. ಅನುಮಾನ ಕಿಡಿಯ ಕಡೆ ತಿರುಗಿತು.

ಮೇಷ್ಟ್ರು ಇನ್ನೊಂದು ಮಾತು ಹೇಳಿದರು, ಅದು ಮುಖ್ಯ ಎಂದು ಅವರಿಗೇ ಅನ್ನಿಸಿರಲಿಲ್ಲ. ಗಾಡಿಯಲ್ಲಿ ಹಳೆಯ ರೇಡಿಯೋ ಇದೆ. 612 ಕಿಲೊಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಹಾಕಿದರೆ ಇತ್ತೀಚೆಗೆ ಚಟಪಟ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಆ ಸದ್ದು ಬೇಗ ಬೇಗ ಬರುತ್ತದೆ ಎಂದರು. ಎಂಜಿನ್ ವೇಗಕ್ಕೆ ತಾಳ ಹಾಕುವ ಸದ್ದು ಇಗ್ನಿಷನ್ನಿನದೇ. ಪ್ಲಗ್ ವೈರಿನ ಒಳಗಿರುವುದು ಬರಿಯ ತಾಮ್ರದ ತಂತಿಯಲ್ಲ. ಇಂಗಾಲ ತುಂಬಿದ ನಾರಿನ ತಿರುಳು. ಬೇಕೆಂದೇ ಅದಕ್ಕೆ ರೆಸಿಸ್ಟೆನ್ಸ್ ಕೊಟ್ಟಿರುತ್ತಾರೆ, ಕಿಡಿಯ ರೇಡಿಯೋ ಗದ್ದಲವನ್ನು ಅದು ಅಡಗಿಸುತ್ತದೆ. ಮೊದಲಿಲ್ಲದ ಸದ್ದು ಹೊಸದಾಗಿ ಶುರುವಾಗಿದ್ದರೆ ಎಲ್ಲೋ ತಿರುಳು ತುಂಡಾಗಿದೆ, ಇಲ್ಲವೇ ಕರೆಂಟು ಹೊರಗೆ ಹಾರುತ್ತಿದೆ.

ಕತ್ತಲಲ್ಲಿ ನೋಡಿದ್ದು

ಪ್ಲಗ್ ವೈರ್ ದೋಷ ಕಂಡುಹಿಡಿಯಲು ನಾನು ಮೊದಲು ಮಾಡುವುದು ಕತ್ತಲ ಪರೀಕ್ಷೆ. ಖರ್ಚಿಲ್ಲ, ಬಿಚ್ಚುವ ಕೆಲಸವಿಲ್ಲ. ಆದರೆ ಎಚ್ಚರಿಕೆ ಬೇಕು. ಕಾಯಿಲ್ 12 ವೋಲ್ಟನ್ನು 20,000 ವೋಲ್ಟಿಗೂ ಮೇಲೆ ಏರಿಸುತ್ತದೆ. ಎಂಜಿನ್ ಓಡುವಾಗ ವೈರ್ ಮುಟ್ಟುವಂತಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ತೆರೆದ ಬಾನೆಟ್ ಹತ್ತಿರ ನಿಲ್ಲಲೇಬಾರದು. ಫ್ಯಾನು, ಬೆಲ್ಟು ತಿರುಗುತ್ತಿರುತ್ತವೆ, ಆದ್ದರಿಂದ ಪಂಚೆ, ಶಾಲು, ಸಡಿಲ ತೋಳು ಬೇಡ. ಮೇಷ್ಟ್ರನ್ನು ಪ್ಯಾಂಟ್ ಹಾಕಿಕೊಂಡು ಬನ್ನಿ ಎಂದು ಒಳಗೆ ಕಳಿಸಿದೆ. ಎಲ್ಲಕ್ಕಿಂತ ಮುಖ್ಯ, ಕತ್ತಲು ಬೇಕೆಂದು ಷಟರ್ ಎಳೆದುಕೊಂಡ ಗ್ಯಾರೇಜಿನಲ್ಲೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ ಎಂಜಿನ್ ಓಡಿಸಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ನಾವು ಪೋರ್ಟಿಕೋದಲ್ಲೇ ನಿಲ್ಲಿಸಿ, ಗೇಟು ತೆರೆದಿಟ್ಟು, ಬೀದಿದೀಪ ಬೀಳುವ ಕಡೆಗೆ ಒಂದು ಟಾರ್ಪಾಲು ಕಟ್ಟಿದೆವು.

ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ನೀರನ್ನು ತೆಳುವಾಗಿ, ಮಂಜಿನ ಹಾಗೆ ಸಿಂಪಡಿಸಬೇಕು. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳಬಾರದು, ಏರ್ ಫಿಲ್ಟರ್ ಬಾಯಿಗೂ ಬೇಡ. ಒಂದೊಂದೇ ವೈರಿಗೆ ಸಿಂಪಡಿಸಿ ಕಾಯಬೇಕು. ಎಲ್ಲಕ್ಕೂ ಒಟ್ಟಿಗೆ ನೀರು ಹೊಡೆದರೆ ಯಾವುದು ತಪ್ಪಿತಸ್ಥ ಎಂದು ಗೊತ್ತಾಗುವುದಿಲ್ಲ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ವೈರ್ ಮೊದಲು. ಏನೂ ಇಲ್ಲ. 3ನೇ ಸಿಲಿಂಡರಿನ ವೈರ್. ಏನೂ ಇಲ್ಲ. 2ನೆಯದಕ್ಕೆ ಸಿಂಪಡಿಸಿದ ಕೂಡಲೇ ಎಂಜಿನ್ ನಡುಗಿತು. ವೈರ್ ಒಂದು ಲೋಹದ ಬ್ರಾಕೆಟ್ಟನ್ನು ತಾಗಿ ಹೋಗುವ ಜಾಗದಲ್ಲಿ ನೀಲಿ ಕಿಡಿ ಟಿಕ್ ಟಿಕ್ ಎಂದು ಹಾರತೊಡಗಿತು. ಮೇಷ್ಟ್ರು ಅಷ್ಟು ವರ್ಷದಲ್ಲಿ ಅದನ್ನು ಮೊದಲ ಸಲ ಕಣ್ಣಾರೆ ಕಂಡದ್ದು. ಆಕ್ಸಿಲರೇಟರನ್ನು ಸ್ವಲ್ಪ ಎಳೆದಾಗ ಕಿಡಿ ಇನ್ನೂ ದಪ್ಪವಾಯಿತು.

ಒತ್ತಿದಾಗ ಯಾಕೆ ಹೆಚ್ಚಾಗಬೇಕು? ಗವಿಪುರದ ಏರಿನಲ್ಲಿ ಗಾಡಿ ಸೋಲುತ್ತಿದ್ದುದಕ್ಕೂ ಉತ್ತರ ಇಲ್ಲೇ ಇದೆ. ಆಕ್ಸಿಲರೇಟರ್ ಒತ್ತಿ ಥ್ರಾಟಲ್ (ಮಿಶ್ರಣ ಒಳಹೋಗುವ ಬಾಗಿಲು) ತೆರೆದಷ್ಟೂ ಸಿಲಿಂಡರಿನೊಳಗೆ ಹೆಚ್ಚು ಮಿಶ್ರಣ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಗ್ಯಾಪ್ ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ತೂತಿರುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ತೂತಿನಿಂದ ಚಿಮ್ಮುತ್ತದಲ್ಲ, ಹಾಗೆ ಪ್ಲಗ್ ಕಡೆ ದಾರಿ ಕಷ್ಟವಾದಾಗ ಕರೆಂಟು ಬಿರುಕಿನಿಂದ ಎಂಜಿನ್ನಿನ ಮೈಗೆ ಹಾರುತ್ತದೆ. ನೀರಿನ ಪದರ ಆ ದಾರಿಯನ್ನು ಇನ್ನಷ್ಟು ಸುಲಭ ಮಾಡಿಕೊಡುತ್ತದೆ. ಹೊಸ ಪ್ಲಗ್ ಹಾಕಿದಾಗ ಕೆಲವು ದಿನ ಚೆನ್ನಾಗಿದ್ದುದಕ್ಕೂ ಇದೇ ಕಾರಣ. ಸವೆದ ಪ್ಲಗ್ಗಿನ ಗ್ಯಾಪ್ ಅಗಲವಾಗಿರುತ್ತದೆ, ಹೊಸದರದ್ದು ಕಿರಿದು. ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹಾರಿಬಿಡುತ್ತದೆ. ಪ್ಲಗ್ ಬದಲಿಸಿದ್ದು ರೋಗವನ್ನು ವಾಸಿ ಮಾಡಲಿಲ್ಲ, ಮುಚ್ಚಿಟ್ಟಿತು.

ಮೂರು ಸಿಲಿಂಡರಿನ ಗಾಡಿಯಲ್ಲಿ ಒಂದು ಕೆಲಸ ಬಿಟ್ಟರೆ ಮೂರನೇ ಒಂದು ಭಾಗ ಶಕ್ತಿ ಹೋಯಿತು. ನಾಲ್ಕು ಸಿಲಿಂಡರಿನವರು ಹೇಗೋ ಎಳೆದುಕೊಂಡು ಮನೆ ಸೇರುತ್ತಾರೆ; 800ರಲ್ಲಿ ಅದು ಕೂಡಲೇ ಕಾಲಿಗೆ ಗೊತ್ತಾಗುತ್ತದೆ.

ಹಾಗಾದರೆ ಮೀಟರ್ ಯಾಕೆ ಸರಿ ಎಂದಿತು?

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದು. ಹಿಂದಿನ ಗ್ಯಾರೇಜಿನವರು ಅಳೆದೇ ಇಲ್ಲ ಎಂದೇನಲ್ಲ. ಅಳೆದಿದ್ದರು, ಅವರಿಗೆ ಸಿಕ್ಕ ಅಂಕಿಯೂ ಸರಿಯೇ ಇತ್ತು.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನಾವೂ ಅಳೆದೆವು. ಎಸ್.ಪಿ. ರೋಡಿನಲ್ಲಿ ಸಿಗುವ ಸಾದಾ ಡಿಜಿಟಲ್ ಮೀಟರ್ ಇದಕ್ಕೆ ಸಾಕು. ಸುಜುಕಿ ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ ಹೈ ಟೆನ್ಶನ್ ವೈರಿನ, ಅಂದರೆ ಪ್ಲಗ್ ವೈರಿನ, ರೆಸಿಸ್ಟೆನ್ಸ್ ಒಂದು ಮೀಟರ್ ಉದ್ದಕ್ಕೆ 10ರಿಂದ 22 ಕಿಲೊಓಮ್ ಇರಬೇಕು. ಅಂದರೆ ಅರ್ಧ ಮೀಟರ್ ವೈರಿಗೆ 5ರಿಂದ 11. ಕಿಡಿ ಹಾರಿಸುತ್ತಿದ್ದ 2ನೇ ವೈರಿನ ಅಂಕಿ ಈ ಮಿತಿಯೊಳಗೆ ನೆಟ್ಟಗೆ ಕೂತಿತ್ತು, ಬಗ್ಗಿಸಿದರೂ ಅಲುಗಲಿಲ್ಲ. 3ನೆಯದೂ ಸರಿ. ಕತ್ತಲಲ್ಲಿ ಸುಮ್ಮನಿದ್ದ 1ನೇ ವೈರ್ ನೇರವಾಗಿ ಹಿಡಿದಾಗ ಸರಿಯಾಗಿ ತೋರಿಸಿತು. ಪ್ಲಗ್ ಕಡೆಯ ತುದಿಯ ಹತ್ತಿರ ನಿಧಾನವಾಗಿ ಬಗ್ಗಿಸಿದರೆ ಅಂಕಿ ಮೇಲಕ್ಕೆ ಹಾರಿ, ಒಮ್ಮೊಮ್ಮೆ ಪೂರ್ತಿ ಓಪನ್, ಅಂದರೆ ಸಂಪರ್ಕವೇ ಇಲ್ಲ.

ಅಂದರೆ ಒಂದೇ ಸೆಟ್ಟಿನಲ್ಲಿ ಎರಡು ಬೇರೆ ಬೇರೆ ರೋಗ. 2ನೆಯದರ ತಿರುಳು ಗಟ್ಟಿ, ಹೊದಿಕೆ ಸೋರುತ್ತಿದೆ. 1ನೆಯದರ ಹೊದಿಕೆ ಗಟ್ಟಿ, ತಿರುಳು ಒಳಗೇ ಮುರಿದಿದೆ. ರೇಡಿಯೋದ ಚಟಪಟಕ್ಕೆ ಎರಡೂ ಪಾಲುದಾರರು. ಮಲ್ಟಿಮೀಟರ್ ತನ್ನ ಕೆಲವೇ ವೋಲ್ಟಿನ ಬ್ಯಾಟರಿಯಿಂದ ತಿರುಳನ್ನು ಮಾತ್ರ ಪರೀಕ್ಷಿಸುತ್ತದೆ. ಸಾವಿರಾರು ವೋಲ್ಟ್ ಬಂದಾಗ ರಬ್ಬರು ತಡೆಯುತ್ತದೆಯೇ ಎಂದು ಅದು ಕೇಳುವುದೇ ಇಲ್ಲ. ಕತ್ತಲ ಪರೀಕ್ಷೆಗೆ ರಬ್ಬರಿನ ಸೋರಿಕೆ ಕಾಣುತ್ತದೆ, ತಿರುಳಿನ ಬಿರುಕು ಕಾಣುವುದಿಲ್ಲ. ಎರಡನ್ನೂ ಮಾಡಬೇಕು, ಮೀಟರ್ ಹಿಡಿದಾಗ ವೈರನ್ನು ಬಗ್ಗಿಸಲೇಬೇಕು. ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ ಅಳೆದರೆ ಅರ್ಧ ಸತ್ಯ ಸಿಗುತ್ತದೆ.

ಕೆಲವರು ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರ್ ಕಿತ್ತು ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುತ್ತಾರೆ. ನಾನು ಮಾಡುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಕಿಡಿಗೆ ಹೋಗಲು ದಾರಿಯೇ ಇಲ್ಲದಾಗ ವೋಲ್ಟೇಜ್ ಮಿತಿ ಮೀರಿ ಕಾಯಿಲ್ ಒಳಗೋ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೋ ಹಾರುತ್ತದೆ, ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಇಗ್ನೈಟರ್ ಸುಡಬಹುದು. ಕೈಗೆ ಹೊಡೆದರೆ ಬೆಚ್ಚಿ ಫ್ಯಾನಿನ ಕಡೆ ಬೀಳುವ ಅಪಾಯ ಬೇರೆ.

ಜೆ.ಸಿ. ರೋಡ್

ಬಿಡಿಭಾಗಕ್ಕೆ ಜೆ.ಸಿ. ರೋಡಿಗೇ ಹೋದೆವು. ಬೆಂಗಳೂರಿನಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ಆ ಬೀದಿ ಗೊತ್ತಿಲ್ಲದೆ ನಡೆಯುವುದಿಲ್ಲ. ಮಾರುತಿ 800 ತಯಾರಿ 2014ರ ಜನವರಿಯಲ್ಲಿ ನಿಂತಿತು. ಆದರೂ 1983ರಿಂದ ಮೂವತ್ತು ವರ್ಷ ದೇಶದ ತುಂಬ ಓಡಿದ ಗಾಡಿಯಾದ್ದರಿಂದ ಇಂಥ ಚಿಲ್ಲರೆ ಭಾಗಗಳು ಈಗಲೂ ಸಿಗುತ್ತವೆ, ಸೆಟ್ಟಿಗೆ ಕೆಲವು ನೂರು ರೂಪಾಯಿ. ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ 'ಕಾರ್ಬೊರೇಟರಾ, ಎಂಪಿಎಫ್‌ಐಯಾ?' ಎಂದು. ಎಂಪಿಎಫ್‌ಐ ಎಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಮಾಡೆಲ್. ಈ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕು, ಇಲ್ಲದಿದ್ದರೆ ಬೇರೆ ಸೆಟ್ ಕೈಗೆ ಬರುತ್ತದೆ. ಹಳೆ ವೈರ್‌ಗಳ ಉದ್ದವನ್ನು ನಾವು ಮನೆಯಲ್ಲೇ ದಾರ ಹಿಡಿದು ಗುರುತು ಮಾಡಿಕೊಂಡು ಹೋಗಿದ್ದೆವು. ಡಿಸ್ಟ್ರಿಬ್ಯೂಟರಿಗೆ ದೂರವಿರುವ 1ನೆಯದು ಎಲ್ಲಕ್ಕಿಂತ ಉದ್ದ. ಗಿಡ್ಡ ವೈರನ್ನು ಎಳೆದು ಕೂರಿಸಿದರೆ ಎಂಜಿನ್ ಅಲುಗಾಟಕ್ಕೆ ತುದಿ ಸಡಿಲವಾಗುತ್ತದೆ. ತೀರ ಉದ್ದವಾದರೆ ಎಲ್ಲೋ ಜೋತು ಬಿಸಿ ಲೋಹಕ್ಕೆ ತಾಗುತ್ತದೆ.

ಕೌಂಟರಿನಲ್ಲಿದ್ದ ಹುಡುಗ ತಾಮ್ರದ ತಿರುಳಿನ ವೈರ್ ತೋರಿಸಿ, 'ಇದು ಹಾಕಿ ಸಾರ್, ಪಿಕಪ್ ಜಾಸ್ತಿ ಬರುತ್ತೆ' ಎಂದ. ಬೇಡ ಎಂದೆ. ಸರಿಯಾಗಿರುವ ಎಂಜಿನ್ನಿನಲ್ಲಿ ಕಿಡಿ ಹಾರುವುದಕ್ಕೆ ಕಾರ್ಬನ್ ವೈರೇ ಧಾರಾಳ ಸಾಕು. ರೆಸಿಸ್ಟೆನ್ಸ್ ಇಲ್ಲದ ತಾಮ್ರ ಹಾಕಿದರೆ ಮೇಷ್ಟ್ರ ರೇಡಿಯೋ ಪೂರ್ತಿ ಕೆಡುತ್ತದೆ, ಹತ್ತಿರದ ಎಲೆಕ್ಟ್ರಾನಿಕ್ಸಿಗೂ ತೊಂದರೆ. ಕಂಪನಿ ಯಾವ ಜಾತಿಯ ವೈರ್ ಕೊಟ್ಟಿತ್ತೋ ಅದನ್ನೇ ಹಾಕುವುದು ಒಳ್ಳೆಯದು. ಪೆಟ್ಟಿಗೆ ಬಿಚ್ಚಿಸಿ ತುದಿಯ ಲೋಹದ ಕ್ಲಿಪ್ ಗಟ್ಟಿಯಾಗಿ ಕಚ್ಚಿದೆಯೇ, ರಬ್ಬರ್ ಕ್ಯಾಪ್ ಮೆತ್ತಗಿದೆಯೇ ಎಂದು ನೋಡಿದೆವು. ನಾಲ್ಕೂ ವೈರನ್ನು ಅಲ್ಲೇ ಅಳೆದೆವು. ಹೊಸದೆಂದ ಮಾತ್ರಕ್ಕೆ ಸರಿಯಾಗಿರುತ್ತದೆ ಎಂದೇನಿಲ್ಲ. ವೈರ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನೂ ಕೇಳಿ ತೆಗೆದುಕೊಂಡೆವು. ಈ ಕ್ಲಿಪ್ಪುಗಳೇ ಪ್ರಕರಣದ ಮೂಲ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಹಳೆಯ ಕ್ಲಿಪ್ ಯಾವಾಗಲೋ ಮುರಿದು ಬಿದ್ದು, 2ನೇ ವೈರ್ ಬ್ರಾಕೆಟ್ಟಿನ ಅಂಚಿಗೆ ಒರಗಿಕೊಂಡು ವರ್ಷಗಟ್ಟಲೆ ಉಜ್ಜಿತ್ತು. ಬಿಸಿಗೆ ಸೆಟೆದುಕೊಂಡ ರಬ್ಬರು ಅಲ್ಲಿ ಸಣ್ಣದಾಗಿ ಸೀಳಿತ್ತು. ಸೂಜಿಮೊನೆಯಷ್ಟು ಬೂದುಬಣ್ಣದ ಸುಟ್ಟ ಗುರುತು, ಹಗಲಲ್ಲಿ ಹುಡುಕಿದರೂ ಕಷ್ಟ.

ಕೈ ಹಾಕಿದ್ದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಅಲ್ಯೂಮಿನಿಯಂ ಹೆಡ್ ಬಿಸಿಯಿದ್ದಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಹಾಳಾಗುವ ಭಯ. ಬ್ಯಾಟರಿಯ ನೆಗೆಟಿವ್ ತೆಗೆದೆವು. ಮೊಬೈಲಿನಲ್ಲಿ ಎರಡು ಕೋನದಿಂದ ಫೋಟೋ ಹಿಡಿದು, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಪ್ರತಿ ಗೋಪುರಕ್ಕೂ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ 1, 2, 3 ಎಂದು ಬರೆದೆವು. ಸಿಲಿಂಡರ್ ಎಣಿಕೆ ಟೈಮಿಂಗ್ ಬೆಲ್ಟ್ ಇರುವ ಬದಿಯಿಂದ ಶುರುವಾಗುತ್ತದೆ. ಕಿಡಿಯ ಸರದಿ 1-3-2. ಒಂದು ವೈರ್ ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿ, ಆಮೇಲೆ ಮುಂದಿನದು. ಎಲ್ಲವನ್ನೂ ಕಿತ್ತು ಗುಡ್ಡೆ ಹಾಕಿ ಆಮೇಲೆ ನೆನಪಿನಿಂದ ಜೋಡಿಸುವ ಧೈರ್ಯ ಅನುಭವಿ ಮೆಕ್ಯಾನಿಕ್ಕಿಗೆ ಇರಲಿ, ಮನೆಯಲ್ಲಿ ಮಾಡುವವರಿಗೆ ಬೇಡ. ಎರಡು ವೈರ್ ಅದಲುಬದಲಾದರೆ ಕಾರ್ಬೊರೇಟರಿನಿಂದ ಬ್ಯಾಕ್‌ಫೈರ್ ಆಗಬಹುದು, ಅಲ್ಲಿ ಪೆಟ್ರೋಲ್ ಇರುತ್ತದೆ.

ವೈರನ್ನು ಹಿಡಿದು ಎಳೆಯಬಾರದು. 1ನೆಯದರ ತಿರುಳು ಪ್ಲಗ್ ತುದಿಯಲ್ಲೇ ಮುರಿದಿತ್ತು ಎಂದರೆ ಹಿಂದೆ ಯಾರೋ ಹಾಗೆ ಎಳೆದಿರುವ ಸಾಧ್ಯತೆಯೇ ಹೆಚ್ಚು. ರಬ್ಬರ್ ಕ್ಯಾಪನ್ನು ಹಿಡಿದು ಮೊದಲು ಎಡಕ್ಕೆ ಬಲಕ್ಕೆ ತಿರುಗಿಸಿ, ಅಂಟು ಬಿಟ್ಟ ಮೇಲೆ ನೇರವಾಗಿ ಎತ್ತಬೇಕು. 1 ಮತ್ತು 3 ಸಲೀಸಾಗಿ ಬಂದವು. 2ನೆಯದರ ಕ್ಯಾಪ್ ಪ್ಲಗ್ಗಿಗೆ ಬೆಂದು ಹಿಡಿದಿತ್ತು. ಇಲ್ಲಿ ಅವಸರ ಮಾಡಿದರೆ ಪ್ಲಗ್ಗಿನ ಪಿಂಗಾಣಿ ಒಡೆಯುತ್ತದೆ. ಹೇಗೂ ಎಸೆಯುವ ವೈರ್. ಕ್ಯಾಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯ ಹಾಗೆ ಬಿಡಿಸಿದೆವು.

ಪ್ಲಗ್ಗುಗಳನ್ನೂ ಬಿಚ್ಚಿ ನೋಡಿದೆವು. ಅದಕ್ಕೂ ಮೊದಲು ಸೈಕಲ್ ಪಂಪಿನಿಂದ ಸುತ್ತಲಿನ ಧೂಳನ್ನು ಊದಿ ತೆಗೆದೆವು, ಒಂದು ಮರಳಿನ ಕಣ ಸಿಲಿಂಡರಿಗೆ ಬಿದ್ದರೂ ಕೆಟ್ಟದ್ದು. 1 ಮತ್ತು 3ರ ತುದಿ ತಿಳಿ ಕಂದು, ಆರೋಗ್ಯದ ಬಣ್ಣ. 2ರದ್ದು ಕಪ್ಪು, ಪೆಟ್ರೋಲ್ ವಾಸನೆಯ ತೇವ. ಅದರ ಬಿಳಿ ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆಯೂ ಇತ್ತು. ಕ್ಯಾಪಿನ ಒಳಗೂ ಕಿಡಿ ಪಿಂಗಾಣಿಯ ಮೇಲೆ ಹರಿದು ಹೋಗಿದೆ ಎಂದರ್ಥ. ಈ ಗೆರೆ ಕಂಡರೆ ಪ್ಲಗ್ಗನ್ನು ಉಳಿಸಿಕೊಳ್ಳಬಾರದು. ಇಂಗಾಲದ ಆ ದಾರಿ ಒರೆಸಿದರೆ ಹೋಗುವುದಿಲ್ಲ, ಹೊಸ ಕ್ಯಾಪ್ ಹಾಕಿದರೂ ಕಿಡಿ ಮತ್ತೆ ಅದೇ ಗೆರೆ ಹಿಡಿದು ಕ್ಯಾಪನ್ನೂ ಕೆಡಿಸುತ್ತದೆ. ವೈರ್ ಬದಲಿಸಿದ ಮೇಲೂ ತೊಂದರೆ ಹೋಗಲಿಲ್ಲ ಎನ್ನುವ ಎಷ್ಟೋ ದೂರುಗಳ ಹಿಂದೆ ಈ ಗೆರೆ ಇರುತ್ತದೆ. ಅದೇ ನಂಬರಿನ ಹೊಸ ಪ್ಲಗ್ ತಂದು, ಫೀಲರ್ ಗೇಜಿನಲ್ಲಿ ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಎಂದು ಖಾತ್ರಿ ಮಾಡಿಕೊಂಡು, ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ಬಿಗಿದೆವು. ಹಳೆಯ ಪ್ಲಗ್ಗುಗಳ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಅವುಗಳಿಗೆ ಅಷ್ಟು ಬೇಡ, ಕೈಬಿಗಿಯ ಮೇಲೆ ಚೂರೇ ಚೂರು ಸಾಕು. ಮೇಷ್ಟ್ರಿಗೆ ಪ್ಲಗ್ ಎಂದರೆ ಈಗಲೂ ಮೈಕೊ. ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದನ್ನು ಅವರು ಅಷ್ಟಾಗಿ ಒಪ್ಪಿಕೊಂಡಿಲ್ಲ.

ಹೊಸ ವೈರಿನ ಎರಡೂ ಕ್ಯಾಪುಗಳ ಒಳಅಂಚಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದೆವು. ನೀರು ಒಳಗೆ ನುಗ್ಗುವುದಿಲ್ಲ, ಮುಂದಿನ ಸಲ ಬಿಡಿಸುವಾಗ ಅಂಟಿಕೊಳ್ಳುವುದೂ ಇಲ್ಲ. ಮಾಮೂಲಿ ಚಾಸಿಸ್ ಗ್ರೀಸ್ ಹಾಕಬಾರದು, ಅದು ರಬ್ಬರನ್ನು ಉಬ್ಬಿಸುತ್ತದೆ. ಕೂರಿಸುವಾಗ ಟಕ್ ಎನ್ನಬೇಕು. ಪ್ಲಗ್ ಕಡೆಯೂ, ಡಿಸ್ಟ್ರಿಬ್ಯೂಟರ್ ಕಡೆಯೂ. ಕ್ಯಾಪಿನೊಳಗೆ ಸಿಕ್ಕಿಕೊಂಡ ಗಾಳಿ ಮೆಲ್ಲಗೆ ವೈರನ್ನು ಹಿಂದಕ್ಕೆ ತಳ್ಳುವುದುಂಟು, ಆದ್ದರಿಂದ ಕೂರಿಸಿದ ಮೇಲೆ ರಬ್ಬರಿನ ಅಂಚನ್ನು ಒಮ್ಮೆ ಬೆರಳಿನಿಂದ ಎತ್ತಿ ಗಾಳಿ ಬಿಟ್ಟು ಮತ್ತೆ ಒತ್ತಬೇಕು. ಕೊನೆಗೆ ಹೊಸ ಕ್ಲಿಪ್ಪುಗಳಲ್ಲಿ ವೈರ್‌ಗಳನ್ನು ಕೂರಿಸಿ, ಬ್ರಾಕೆಟ್ಟಿಗೂ ಎಕ್ಸಾಸ್ಟಿಗೂ ತಾಗದಂತೆ ದಾರಿ ಮಾಡಿದೆವು. ಬ್ರಾಕೆಟ್ಟಿನ ಹರಿತ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದ್ದು ಮೇಷ್ಟ್ರೇ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆವು. ಬಿರುಕಿಲ್ಲ, ಕಪ್ಪು ಗೆರೆಯಿಲ್ಲ, ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗಿನ ಮೇಲೆ ಚೆನ್ನಾಗಿ ಆಡುತ್ತಿತ್ತು. ಕಾಂಟ್ಯಾಕ್ಟುಗಳ ಮೇಲೆ ಸ್ವಲ್ಪ ಬಿಳಿಪುಡಿ. ಒಣಬಟ್ಟೆಯಲ್ಲಿ ಒರೆಸಿ ಮುಚ್ಚಿದೆವು.

ಆಮೇಲೆ

ಮೊದಲ ಸಲ ಸೆಲ್ಫ್ ಹೊಡೆದಾಗಲೇ ಸ್ಟಾರ್ಟ್ ಆಯಿತು. ಆದರೆ ಒಣ ದಿನ ಅದು ಯಾವಾಗಲೂ ಆಗುತ್ತಿತ್ತು, ಹಾಗಾಗಿ ನಾನು ಅದನ್ನು ಗೆಲುವೆಂದು ಎಣಿಸಲಿಲ್ಲ. ಅಂದೇ ರಾತ್ರಿ ಟಾರ್ಪಾಲು ಕಟ್ಟಿ ಅದೇ ಬಾಟಲಿಯಿಂದ ನಾಲ್ಕೂ ವೈರುಗಳಿಗೆ, ಕ್ಯಾಪುಗಳ ಬುಡಕ್ಕೆ, ಡಿಸ್ಟ್ರಿಬ್ಯೂಟರ್ ಮೇಲೆ ಸಿಂಪಡಿಸಿದೆವು. ಎಲ್ಲಿಯೂ ನೀಲಿ ಕಾಣಲಿಲ್ಲ, ಐಡ್ಲಿಂಗ್ ಅಲುಗಲಿಲ್ಲ. ಹಾಗೇ ಒದ್ದೆ ಎಂಜಿನ್ನಿನಲ್ಲೇ ಕೆರೆಯ ಬದಿಗೆ ಇಳಿದು ಗವಿಪುರದ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆವು. ರೇಡಿಯೋದಲ್ಲಿ ಆಕಾಶವಾಣಿ ಸ್ಪಷ್ಟವಾಗಿತ್ತು. ಬಂಕಿನಲ್ಲಿ ಮತ್ತೆ ಹೊಗೆ ತಪಾಸಣೆ ಮಾಡಿಸಿದಾಗ ಹೈಡ್ರೋಕಾರ್ಬನ್ ಮಿತಿಯ ಅರ್ಧಕ್ಕಿಂತ ಕೆಳಗೆ ಬಂದಿತ್ತು, ಕಾರ್ಬನ್ ಮಾನಾಕ್ಸೈಡ್ ಹೆಚ್ಚೇನೂ ಬದಲಾಗಿರಲಿಲ್ಲ. ಈ ವಯಸ್ಸಿನ ಗಾಡಿಗೆ ಸಿಗುವ ಆರು ತಿಂಗಳ ಚೀಟಿ ಸಿಕ್ಕಿತು. ಅಕ್ಟೋಬರಿನ ಮಳೆಯಲ್ಲಿ ಫಿಸಿಯೋಥೆರಪಿ ಒಂದು ವಾರವೂ ತಪ್ಪಲಿಲ್ಲ.

ಎರಡು ಕೆಲಸ ಬಾಕಿ ಇವೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಅದರೊಳಗೆ ತಿರುಗುವ ರೋಟರನ್ನು ಮುಂದಿನ ಮುಂಗಾರಿನ ಮೊದಲು ಬದಲಿಸುವುದು ಎಂದು ಮೇಷ್ಟ್ರು ಫೈಲಿನಲ್ಲಿ ಬರೆದುಕೊಂಡಿದ್ದಾರೆ. ಬಿಳಿಪುಡಿ ಬರತೊಡಗಿದ ಕ್ಯಾಪಿಗೆ ಇನ್ನು ಹೆಚ್ಚು ಆಯುಷ್ಯವಿಲ್ಲ. ಇನ್ನೊಂದು ಸ್ವಲ್ಪ ದೊಡ್ಡದು. ಕೆಲವು ವಾರ ಓಡಿದ ಮೇಲೆ ಪ್ಲಗ್ಗುಗಳನ್ನು ಮತ್ತೆ ಬಿಚ್ಚಿ ನೋಡಿದಾಗ 2ನೆಯದೂ ಕಂದಾಗಿತ್ತು, ಆದರೆ ಥ್ರೆಡ್ಡಿನ ಬಳಿ ಎಣ್ಣೆಯ ಜಿಡ್ಡಿತ್ತು. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ಕ್ಷಣ ನೀಲಿ ಹೊಗೆ ಬಂದು ನಿಲ್ಲುತ್ತದೆ ಎಂದು ಅವರು ಹೇಳುವುದಕ್ಕೂ ಇದಕ್ಕೂ ಹೊಂದುತ್ತದೆ. ರಾತ್ರಿ ನಿಂತಾಗ ವಾಲ್ವ್ ಸ್ಟೆಮ್ ಸೀಲಿನಿಂದ (ವಾಲ್ವಿನ ಕಡ್ಡಿಯ ಸುತ್ತ ಎಣ್ಣೆ ತಡೆಯುವ ಸೀಲು) ಎಣ್ಣೆ ಇಳಿಯುತ್ತಿರಬೇಕು. ಸೀಲ್ ಬದಲಿಸಲು ವಾಲ್ವ್ ಸ್ಪ್ರಿಂಗ್ ಬಿಚ್ಚಬೇಕು. ಅದು ಪೋರ್ಟಿಕೋದಲ್ಲಿ ಆಗುವ ಕೆಲಸವಲ್ಲ. ಸಾಮಾನ್ಯವಾಗಿ ಹೆಡ್ಡನ್ನೇ ಇಳಿಸುತ್ತಾರೆ, ಇಳಿಸಿದ ಮೇಲೆ ವಾಲ್ವ್ ಲ್ಯಾಪಿಂಗನ್ನೂ (ವಾಲ್ವ್ ಬಿಗಿಯಾಗಿ ಕೂರುವಂತೆ ತೇಯುವುದು) ಮಾಡಿಸುವುದು ಒಳ್ಳೆಯದು. ಅದಕ್ಕೂ ಮೊದಲು ಮೂರೂ ಸಿಲಿಂಡರಿನ ಕಂಪ್ರೆಷನ್ ಅಳೆದು, ರಿಂಗ್ ಗಟ್ಟಿಯಾಗಿದೆಯೇ ಎಂದು ನೋಡಿಕೊಂಡು, ಬೇಸಿಗೆಯಲ್ಲಿ ಮಾಡಿಸೋಣ ಎಂದು ಮಾತಾಡಿಕೊಂಡಿದ್ದೇವೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ಎಣ್ಣೆ ನೋಡುವ ಕೆಲಸವನ್ನು ಅವರ ಶ್ರೀಮತಿಯವರು ವಹಿಸಿಕೊಂಡಿದ್ದಾರೆ.